ಜಿ.ಎಚ್. ಕೃಂಬಿಗಲ್ (1865–1956): ಬೆಂಗಳೂರಿನ ಹವಾಗುಣಕ್ಕೆ ಒಪ್ಪುವ ಮರಗಳನ್ನು ಆರಿಸಿದ ಉದ್ಯಾನ ತಜ್ಞರು

ಮೈಸೂರು ಸಂಸ್ಥಾನದ ಸರ್ಕಾರಿ ಉದ್ಯಾನಗಳ ಮುಖ್ಯಸ್ಥರಾಗಿ 1908ರಿಂದ 1932ರವರೆಗೆ ಸೇವೆ ಸಲ್ಲಿಸಿದ ಗುಸ್ತಾವ್ ಹರ್ಮನ್ ಕೃಂಬಿಗಲ್ ಅವರ ಹೆಸರು ರಾಜ್ಯದ ತೋಟಗಾರಿಕೆಯ ಇತಿಹಾಸದಲ್ಲಿ ಚಿರಸ್ಥಾಯಿಯಾಗಿದೆ. ಬೆಂಗಳೂರಿನ ಲಾಲ್‌ಬಾಗ್ ಸಸ್ಯೋದ್ಯಾನದ ಅಭಿವೃದ್ಧಿ, ನಗರದ ಸಾಲುಮರಗಳ ಯೋಜನೆ ಹಾಗೂ ಕೃಷ್ಣರಾಜಸಾಗರದ ಬೃಂದಾವನ ಉದ್ಯಾನದ ವಿನ್ಯಾಸಗಳಲ್ಲಿ ಇವರು ವಹಿಸಿದ ಪಾತ್ರ ಸಾರ್ವಜನಿಕರಿಗೆ ತಿಳಿದಿರುವ ವಿಷಯ. ಆದರೆ ಜರ್ಮನಿಯಲ್ಲಿ ಹುಟ್ಟಿ, ಇಂಗ್ಲೆಂಡಿನಲ್ಲಿ ಪಳಗಿ, ಗುಜರಾತಿನ ಬಿಸಿಲಿನಲ್ಲಿ ದುಡಿದು ಬಂದ ವ್ಯಕ್ತಿಯೊಬ್ಬರು ದಕ್ಷಿಣದ ಪ್ರಸ್ಥಭೂಮಿಯ ಹವಾಗುಣಕ್ಕೆ ಯಾವ ಸಸ್ಯ ಒಗ್ಗುತ್ತದೆ, ಯಾವುದು ಒಗ್ಗುವುದಿಲ್ಲ ಎಂಬುದನ್ನು ಅರಿತುಕೊಂಡ ಬಗೆ ಅಷ್ಟಾಗಿ ಚರ್ಚೆಗೆ ಬಂದಿಲ್ಲ. ಅವರ ಜೀವನದ ಮುಖ್ಯ ಸಾಧನೆ ಇರುವುದು ಅಲ್ಲಿಯೇ.

ಬಾಲ್ಯ ಮತ್ತು ಯೂರೋಪಿನ ತರಬೇತಿ

ಕೃಂಬಿಗಲ್ ಅವರು 1865ರ ಡಿಸೆಂಬರ್ 18ರಂದು ಜರ್ಮನಿಯ ಸ್ಯಾಕ್ಸನಿ ಪ್ರಾಂತ್ಯದ ಡ್ರೆಸ್ಡನ್ ನಗರದ ಸಮೀಪವಿರುವ ಲೋಹ್ಮೆನ್ ಎಂಬ ಊರಿನಲ್ಲಿ ಜನಿಸಿದರು. ತೋಟಗಾರಿಕೆಯ ಮೊದಲ ಪಾಠಗಳನ್ನು ಹುಟ್ಟೂರಿನ ಆಸುಪಾಸಿನಲ್ಲಿಯೇ ಕಲಿತರು. ಆ ಸೀಮೆಯಲ್ಲಿ ಎಲ್ಬೆ ನದಿಯ ದಂಡೆಯ ಮೇಲೆ ಪಿಲ್ನಿಟ್ಸ್ ಅರಮನೆಯ ಪ್ರಸಿದ್ಧ ಉದ್ಯಾನವಿದೆ. ಜಪಾನಿನಿಂದ ಬಂದ ಒಂದು ಕೆಮೀಲಿಯಾ ಗಿಡವನ್ನು 1801ರಲ್ಲಿ ಅಲ್ಲಿ ನೆಡಲಾಗಿದ್ದು, ಅದು ಇಂದಿಗೂ ಹೂ ಬಿಡುತ್ತಿದೆ. ಆದರೆ ಪ್ರತಿ ಚಳಿಗಾಲದಲ್ಲಿಯೂ ಆ ಗಿಡದ ಸುತ್ತ ಮನೆ ಕಟ್ಟಿ, ಒಳಗೆ ಬೆಚ್ಚಗಿರಿಸದೆ ಅದು ಉಳಿಯಲಾರದು. ಪರದೇಶದ ಗಿಡವೊಂದನ್ನು ಅದಕ್ಕೆ ಒಗ್ಗದ ಹವೆಯಲ್ಲಿ ಕಾಪಾಡಿಕೊಳ್ಳುವುದೆಂದರೆ ಎಷ್ಟು ಶ್ರಮ, ಎಷ್ಟು ವೆಚ್ಚ ಎಂಬುದಕ್ಕೆ ಇದಕ್ಕಿಂತ ಸ್ಪಷ್ಟವಾದ ನಿದರ್ಶನ ಸಿಗುವುದು ಕಷ್ಟ. ಅರಸರ ತೋಟದಲ್ಲಿ ಒಂದು ಗಿಡಕ್ಕೆ ಅದು ಸಾಧ್ಯ. ನಗರದ ರಸ್ತೆಗಳ ಸಾವಿರಾರು ಮರಗಳಿಗೆ ಸಾಧ್ಯವಿಲ್ಲ.

ಶ್ವೆರೀನ್ ಹಾಗೂ ಹ್ಯಾಂಬರ್ಗ್‌ಗಳಲ್ಲಿ ಕೆಲವು ವರ್ಷ ಕೆಲಸ ಮಾಡಿದ ಅನಂತರ ಕೃಂಬಿಗಲ್ ಅವರು 1888ರಲ್ಲಿ ಇಂಗ್ಲೆಂಡಿಗೆ ತೆರಳಿದರು. ಲಂಡನ್ನಿನ ಹೈಡ್ ಪಾರ್ಕ್‌ನಲ್ಲಿ ಹೂಪಾತಿಗಳ ವಿನ್ಯಾಸದ ಕೆಲಸ ನಿರ್ವಹಿಸಿ, ಬಳಿಕ ಕ್ಯೂ ರಾಜೋದ್ಯಾನವನ್ನು ಸೇರಿದರು. ಬ್ರಿಟಿಷ್ ಸಾಮ್ರಾಜ್ಯದ ಮೂಲೆ ಮೂಲೆಗಳಿಂದ ಬಂದ ಸಸ್ಯಗಳು ಆಗ ಕ್ಯೂ ಉದ್ಯಾನದಲ್ಲಿ ಒಟ್ಟುಗೂಡುತ್ತಿದ್ದವು. ಉಷ್ಣವಲಯದ ತಾಳೆ, ಜರೀಗಿಡ ಹಾಗೂ ಆರ್ಕಿಡ್‌ಗಳನ್ನು ಅಲ್ಲಿ ಕಾಯಿಸಿದ ಗಾಜಿನ ಮನೆಗಳಲ್ಲಿ ಬೆಳೆಸಲಾಗುತ್ತಿತ್ತು. ಭಾರತಕ್ಕೆ ಬರುವ ಮೊದಲು ಅಲ್ಲಿನ ತೋಟಗಾರರಿಗೆ ಉಷ್ಣವಲಯದ ಸಸ್ಯಗಳ ಪರಿಚಯವಾಗುತ್ತಿದ್ದುದು ಸಾಮಾನ್ಯವಾಗಿ ಈ ಗಾಜಿನ ಹಿಂದೆಯೇ.

ಬರೋಡಾದ ಹದಿನೈದು ವರ್ಷಗಳು

ಬರೋಡಾ ಸಂಸ್ಥಾನದ ಮಹಾರಾಜ ಮೂರನೆಯ ಸಯಾಜಿರಾವ್ ಗಾಯಕವಾಡ್ ಅವರ ಆಹ್ವಾನದ ಮೇರೆಗೆ ಕೃಂಬಿಗಲ್ ಅವರು 1893ರಲ್ಲಿ ಭಾರತಕ್ಕೆ ಆಗಮಿಸಿದರು. ಸಂಸ್ಥಾನದ ಉದ್ಯಾನಗಳ ಹೊಣೆ ಅವರದಾಯಿತು.

ಬರೋಡಾದ ಹವಾಗುಣ ಯೂರೋಪಿನಿಂದ ಬಂದ ತೋಟಗಾರನಿಗೆ ಕಠಿಣ ಪರೀಕ್ಷೆಯೇ ಸರಿ. ಬೇಸಿಗೆಯಲ್ಲಿ ಉಷ್ಣಾಂಶ 40 ಡಿಗ್ರಿ ಸೆಲ್ಸಿಯಸ್ ದಾಟುತ್ತದೆ. ವರ್ಷದ ಮಳೆ ಬಹುಪಾಲು ಜೂನ್‌ನಿಂದ ಸೆಪ್ಟೆಂಬರ್‌ವರೆಗಿನ ನಾಲ್ಕು ತಿಂಗಳಲ್ಲಿ ಸುರಿದು ಮುಗಿಯುತ್ತದೆ. ಉಳಿದ ಎಂಟು ತಿಂಗಳು ಗಿಡಮರಗಳು ನೆಲದೊಳಗಿನ ತೇವವನ್ನೇ ನಂಬಿ ಬದುಕಬೇಕು. ಯೂರೋಪಿನ ತೋಟಗಾರನ ವರ್ಷ ವಸಂತದಲ್ಲಿ ಆರಂಭವಾಗುತ್ತದೆ, ಅವನ ಶತ್ರು ಹಿಮ. ಗುಜರಾತಿನಲ್ಲಿ ನೆಡುವ ಕೆಲಸ ಆರಂಭವಾಗುವುದು ಮೊದಲ ಮಳೆಯೊಂದಿಗೆ. ಅಲ್ಲಿ ಶತ್ರು ಏಪ್ರಿಲ್ ಮತ್ತು ಮೇ ತಿಂಗಳ ಒಣಗಾಳಿ. ಕಲಿತ ವಿದ್ಯೆಯ ಕ್ಯಾಲೆಂಡರನ್ನೇ ತಿರುವಿ ಹಾಕಬೇಕಾದ ಪರಿಸ್ಥಿತಿ ಅದು.

ಕೃಂಬಿಗಲ್ ಅವರು ಬರೋಡಾದಲ್ಲಿದ್ದ ಅವಧಿಯಲ್ಲಿಯೇ, 1899–1900ರಲ್ಲಿ, ಗುಜರಾತು ಭೀಕರ ಕ್ಷಾಮಕ್ಕೆ ತುತ್ತಾಯಿತು. ವಿಕ್ರಮ ಶಕೆ 1956ರಲ್ಲಿ ಬಂದುದರಿಂದ ಅಲ್ಲಿನ ಜನ ಅದನ್ನು ಛಪ್ಪನಿಯಾ ಕ್ಷಾಮವೆಂದು ಕರೆಯುತ್ತಾರೆ. ಮನುಷ್ಯರಿಗೂ ಜಾನುವಾರುಗಳಿಗೂ ನೀರಿಲ್ಲದ ವರ್ಷದಲ್ಲಿ ಉದ್ಯಾನಕ್ಕೆ ನೀರು ಕೇಳುವವರಾರು? ಅಂತಹ ವರ್ಷವನ್ನು ದಾಟಿ ನಿಲ್ಲುವ ಮರ ಯಾವುದು, ನೀರುಣಿಸುವವನಿಲ್ಲದ ಕೂಡಲೇ ಸಾಯುವ ಗಿಡ ಯಾವುದು ಎಂಬುದು ಆಗ ತಾನಾಗಿಯೇ ತಿಳಿದುಬಂದಿರಬೇಕು.

ಬರೋಡಾ ಮಹಾರಾಜರಿಗೆ ಉದಕಮಂಡಲದಲ್ಲಿ ಬೇಸಿಗೆ ಅರಮನೆಯಿತ್ತು. ಅದರ ಉದ್ಯಾನದಲ್ಲಿಯೂ ಕೃಂಬಿಗಲ್ ಅವರು ಕೆಲಸ ಮಾಡಿದರು. ಸಮುದ್ರಮಟ್ಟದಿಂದ 2,200 ಮೀಟರಿಗೂ ಎತ್ತರದಲ್ಲಿರುವ ಆ ಊರಿನಲ್ಲಿ ಡಿಸೆಂಬರ್–ಜನವರಿಯ ಮುಂಜಾವಿನಲ್ಲಿ ಹುಲ್ಲಿನ ಮೇಲೆ ಹಿಮ ಬೀಳುತ್ತದೆ. ಯೂರೋಪಿನ ಗಿಡಗಳು ಅಲ್ಲಿ ಚೆನ್ನಾಗಿ ಬೆಳೆಯುತ್ತವೆ, ಬಯಲು ಸೀಮೆಯ ಮರಗಳು ಮುರುಟುತ್ತವೆ. ಹೀಗೆ ಒಂದೇ ಒಡೆಯರ ಸೇವೆಯಲ್ಲಿದ್ದುಕೊಂಡು ಒಂದಕ್ಕೊಂದು ತೀರ ವಿರುದ್ಧವಾದ ಎರಡು ಹವಾಗುಣಗಳನ್ನು ಅರಿಯುವ ಅವಕಾಶ ಅವರಿಗೆ ದೊರೆಯಿತು. ಬೆಂಗಳೂರು ಇವೆರಡರ ನಡುವಿನ ಸ್ಥಳ. ಮುಂದೆ ಅಲ್ಲಿ ಕೈಗೊಂಡ ಕೆಲಸಕ್ಕೆ ಇದಕ್ಕಿಂತ ಉತ್ತಮ ಪೂರ್ವಸಿದ್ಧತೆ ಬೇರೊಂದಿರಲಿಲ್ಲ.

ಲಾಲ್‌ಬಾಗ್‌ಗೆ ಆಗಮನ

ಮೈಸೂರಿನ ಮಹಾರಾಜ ನಾಲ್ವಡಿ ಕೃಷ್ಣರಾಜ ಒಡೆಯರ್ ಅವರ ಆಹ್ವಾನದಂತೆ ಕೃಂಬಿಗಲ್ ಅವರು 1908ರಲ್ಲಿ ಬೆಂಗಳೂರಿಗೆ ಬಂದು, ನಿವೃತ್ತರಾದ ಜಾನ್ ಕ್ಯಾಮರಾನ್ ಅವರ ಸ್ಥಾನವನ್ನು ವಹಿಸಿಕೊಂಡರು. ಹೈದರ್ ಅಲಿ 1760ರಲ್ಲಿ ಆರಂಭಿಸಿ, ಟಿಪ್ಪು ಸುಲ್ತಾನ್ ಬೆಳೆಸಿದ ಲಾಲ್‌ಬಾಗ್ 1856ರಲ್ಲಿ ಸರ್ಕಾರಿ ಸಸ್ಯೋದ್ಯಾನವಾಗಿತ್ತು. ಕ್ಯೂ ಉದ್ಯಾನದಿಂದ ಬಂದ ವಿಲಿಯಂ ನ್ಯೂ ಹಾಗೂ ಅವರ ಅನಂತರ 1874ರಿಂದ ಕ್ಯಾಮರಾನ್ ಅವರು ಹೊರದೇಶಗಳ ಅಸಂಖ್ಯ ಸಸ್ಯಗಳನ್ನು ಇಲ್ಲಿಗೆ ತಂದು ನೆಟ್ಟಿದ್ದರು. ಬೆಂಗಳೂರಿನವರ ಅಡುಗೆಮನೆಯಲ್ಲಿ ನೆಲೆಯೂರಿರುವ ಸೀಮೆಬದನೆಕಾಯಿ ಕ್ಯಾಮರಾನ್ ಅವರ ಕೊಡುಗೆ. ಆದ್ದರಿಂದ ಇಂದು ನಗರದಲ್ಲಿ ಹೂ ಬಿಡುವ ವಿದೇಶಿ ಮರಗಳನ್ನೆಲ್ಲ ಕೃಂಬಿಗಲ್ ಅವರೇ ತಂದರೆಂದು ಹೇಳುವ ವಾಡಿಕೆ ಸರಿಯಲ್ಲ. ಹಲವು ಮರಗಳು ಅವರು ಬರುವ ಮೊದಲೇ ಲಾಲ್‌ಬಾಗ್‌ನಲ್ಲಿ ಬೇರೂರಿದ್ದವು. ಕ್ಯಾಮರಾನ್ ಅವರಿಂದ ಕೃಂಬಿಗಲ್ ಅವರಿಗೆ ದೊರೆತದ್ದು ದಶಕಗಳ ಕಾಲ ನಡೆದ ಒಂದು ಪ್ರಯೋಗದ ಫಲಿತಾಂಶ. ಯಾವ ಮರ ಈ ನೆಲದಲ್ಲಿ ನಿಂತಿದೆ, ಯಾವುದು ಸೊರಗಿದೆ ಎಂಬುದು ಉದ್ಯಾನದಲ್ಲಿ ಒಮ್ಮೆ ಸುತ್ತು ಬಂದರೆ ಕಣ್ಣಿಗೆ ಕಾಣುವಂತಿತ್ತು.

ಬೆಂಗಳೂರು ಸಮುದ್ರಮಟ್ಟದಿಂದ ಸುಮಾರು 900 ಮೀಟರ್ ಎತ್ತರದಲ್ಲಿದೆ. ಉಷ್ಣವಲಯದೊಳಗಿದ್ದರೂ ಇಲ್ಲಿನ ಬಿಸಿಲು ಬರೋಡಾದಷ್ಟು ಸುಡುವುದಿಲ್ಲ. ಚಳಿ ಉದಕಮಂಡಲದಂತೆ ಹೆಪ್ಪುಗಟ್ಟಿಸುವುದಿಲ್ಲ. ಏಪ್ರಿಲ್ ಕೊನೆಯಿಂದ ಅಶ್ವಿನಿ, ಭರಣಿ ಮಳೆಗಳು ಗುಡುಗು ಗಾಳಿಯೊಂದಿಗೆ ಬರುತ್ತವೆ. ಮುಂಗಾರಿನಲ್ಲಿ ಜಿನುಗು ಮಳೆ. ಸೆಪ್ಟೆಂಬರ್, ಅಕ್ಟೋಬರ್‌ಗಳಲ್ಲಿ, ಅಂದರೆ ಹಸ್ತ, ಚಿತ್ತೆ ಮಳೆಗಳ ಕಾಲದಲ್ಲಿ, ಮತ್ತೆ ಜೋರು. ಹೀಗಾಗಿ ವರ್ಷದ ಮಳೆ ಒಂದೇ ಕಂತಿನಲ್ಲಿ ಮುಗಿಯದೆ ಆರು ಏಳು ತಿಂಗಳುಗಳಿಗೆ ಹಂಚಿಹೋಗುತ್ತದೆ. ಡಿಸೆಂಬರ್‌ನಿಂದ ಮಾರ್ಚ್‌ವರೆಗೆ ಮಾತ್ರ ನೆಲ ಒಣಗುತ್ತದೆ. ಮಣ್ಣು ಕೆಂಪು, ಅನೇಕ ಕಡೆ ತೆಳು. ಅಡಿಯಲ್ಲಿ ಲಾಲ್‌ಬಾಗ್ ಗುಡ್ಡದಲ್ಲಿ ತಲೆಯೆತ್ತಿ ನಿಂತಿರುವ ಬಂಡೆಯಂತಹದೇ ಬಂಡೆ. ನೀರು ನಿಲ್ಲದೆ ಬಸಿದು ಹೋಗುತ್ತದೆ.

ಮರಗಳ ಆಯ್ಕೆಯಲ್ಲಿ ಈ ಒಣ ತಿಂಗಳುಗಳೇ ನಿರ್ಣಾಯಕವಾದವು. ಜಗತ್ತಿನ ಉಷ್ಣವಲಯದಲ್ಲಿ ಎರಡು ಬಗೆಯ ಕಾಡುಗಳಿವೆ. ವರ್ಷವಿಡೀ ಮಳೆ ಪಡೆಯುವ ಕಾಡಿನ ಮರ ಸದಾ ಹಸುರಾಗಿರುತ್ತದೆ, ಆದರೆ ನಾಲ್ಕು ತಿಂಗಳ ಒಣಹವೆಯನ್ನು ಸಹಿಸಲಾರದು. ಮಳೆಗಾಲ, ಒಣಗಾಲ ಎಂದು ವರ್ಷವನ್ನು ಇಬ್ಭಾಗ ಮಾಡುವ ನಾಡಿನ ಮರಗಳಾದರೋ ಒಣಗಾಲದಲ್ಲಿ ಎಲೆ ಉದುರಿಸಿ, ಬರಿಯ ಕೊಂಬೆಗಳ ಮೇಲೆ ಹೂ ತಳೆಯುತ್ತವೆ. ನಮ್ಮ ಮುತ್ತುಗ, ಬೂರುಗಗಳ ಸ್ವಭಾವವೂ ಇದೇ. ಮಡಗಾಸ್ಕರ್ ಮೂಲದ ಗುಲ್‌ಮೊಹರ್, ಅರ್ಜೆಂಟಿನಾ ಮತ್ತು ಬೊಲಿವಿಯಾ ಕಡೆಯ ಜಕರಂಡ, ಬ್ರೆಜಿಲ್ ಕಡೆಯ ಹಳದಿ ಟಬೆಬುಯಾ, ಮಧ್ಯ ಅಮೆರಿಕದ ನಸುಗೆಂಪು ಟಬೆಬುಯಾ ಇವೆಲ್ಲ ದೂರದ ದೇಶಗಳ ಮರಗಳಾದರೂ ಹವಾಗುಣದ ಮಟ್ಟಿಗೆ ಬೆಂಗಳೂರಿನ ಬಂಧುಗಳು. ಇಲ್ಲಿನ ಡಿಸೆಂಬರ್–ಮಾರ್ಚ್‌ನ ಒಣಹವೆ ಅವುಗಳಿಗೆ ಹೂ ಬಿಡಲು ಸಂಕೇತ ನೀಡುತ್ತದೆ. ಭರಣಿ ಮಳೆ ಹೊಸ ಚಿಗುರನ್ನು ತರುತ್ತದೆ. ಮೊದಲ ಕೆಲವು ವರ್ಷ ಸಸಿಯನ್ನು ಸಾಕಿದರೆ ಸಾಕು, ಅನಂತರ ನೀರುಣಿಸುವ ಅಗತ್ಯವಿಲ್ಲ. ಕೃಂಬಿಗಲ್ ಅವರ ಹುಟ್ಟುನಾಡಿನ ಬೀಚ್ ಹಾಗೂ ಲಿಂಡನ್ ಮರಗಳಿಗೆ ಈ ಭಾಗ್ಯವಿಲ್ಲ. ಅವುಗಳ ಮೊಗ್ಗು ಒಡೆಯಲು ದೀರ್ಘವಾದ ಕೊರೆಯುವ ಚಳಿ ಬೇಕು. ಬೆಂಗಳೂರಿನಲ್ಲಿ ಅದು ಎಂದಿಗೂ ಸಿಗದು.

ಸರದಿಯಲ್ಲಿ ಅರಳುವ ಸಾಲುಮರಗಳು

1898ರ ಪ್ಲೇಗಿನ ಬಳಿಕ ಬೆಂಗಳೂರು ಹಳೆಯ ಪೇಟೆಯ ಇಕ್ಕಟ್ಟಿನಿಂದ ಹೊರಕ್ಕೆ ಹರಡುತ್ತಿತ್ತು. ಬಸವನಗುಡಿ, ಮಲ್ಲೇಶ್ವರಗಳಂತಹ ಹೊಸ ಬಡಾವಣೆಗಳಲ್ಲಿ ಅಗಲವಾದ ರಸ್ತೆಗಳು ಬಂದಿದ್ದವು. ಈ ರಸ್ತೆಗಳಿಗೆ ನೆರಳು ಬೇಕಾಗಿತ್ತು. ಸಾಲುಮರ ನೆಡುವುದು ಕನ್ನಡ ನಾಡಿಗೆ ಹೊಸದೇನಲ್ಲ. ಹೆದ್ದಾರಿಗಳ ಬದಿಯಲ್ಲಿ ಆಲ, ಹುಣಿಸೆ, ನೇರಳೆ, ಹೊಂಗೆ, ಮಾವುಗಳನ್ನು ನೆಡಿಸುವುದು ಅರಸರ ಕಾಲದಿಂದ ಬಂದ ಪುಣ್ಯಕಾರ್ಯ. ಆದರೆ ಆಲದಂತಹ ಮರಕ್ಕೆ ಬೇಕಾಗುವ ಜಾಗ ನಗರದ ಬೀದಿಯಲ್ಲಿ ಇರುವುದಿಲ್ಲ.

ಒಂದು ರಸ್ತೆಗೆ ಒಂದು ಜಾತಿಯ ಮರ, ಒಂದು ಜಾತಿಯ ಹೂ ಮುಗಿಯುವ ವೇಳೆಗೆ ಬೇರೊಂದು ರಸ್ತೆಯ ಜಾತಿ ಅರಳುವಂತೆ ಯೋಜಿಸಿ ನೆಡುವ ಪದ್ಧತಿಯನ್ನು ಕೃಂಬಿಗಲ್ ಅವರ ಹೆಸರಿನೊಂದಿಗೆ ಗುರುತಿಸಲಾಗುತ್ತದೆ. ಇಂದಿಗೂ ನಗರದಲ್ಲಿ ಈ ಸರದಿಯನ್ನು ಗಮನಿಸಬಹುದು. ವರ್ಷದ ಆರಂಭದಲ್ಲಿ ನಸುಗೆಂಪು ಟಬೆಬುಯಾ, ಶಿವರಾತ್ರಿಯ ಆಸುಪಾಸಿನಲ್ಲಿ ಹಳದಿ ಟಬೆಬುಯಾ, ಮಾರ್ಚ್‌ನಲ್ಲಿ ಜಕರಂಡದ ನೀಲಿ. ಯುಗಾದಿಯ ಹೊತ್ತಿಗೆ ಹೊಂಗೆ ತಿಳಿಹಸುರು ಚಿಗುರಿನ ನಡುವೆ ಹೂ ಚೆಲ್ಲುತ್ತದೆ. ಏಪ್ರಿಲ್‌ನಿಂದ ಗುಲ್‌ಮೊಹರ್, ಕಕ್ಕೆ, ಹೊಳೆದಾಸವಾಳ, ಹಳದಿ ಗುಲ್‌ಮೊಹರ್ ಎಂದು ಜನ ಕರೆಯುವ ಪೆಲ್ಟೋಫೋರಂ. ಮಳೆಗಾಲ ಮುಗಿದ ಮೇಲೆ ಆಕಾಶಮಲ್ಲಿಗೆಯ ಬಿಳಿ ಹೂಗಳು ರಾತ್ರಿಯ ರಸ್ತೆಗೆ ಪರಿಮಳ ತರುತ್ತವೆ. ಈ ಪಟ್ಟಿಯಲ್ಲಿ ಹೊಂಗೆ, ಕಕ್ಕೆ, ಹೊಳೆದಾಸವಾಳಗಳು ಈ ನಾಡಿನವೇ ಎಂಬುದನ್ನು ಗಮನಿಸಬೇಕು. ಒಂದು ಊರಿನ ಗಿಡಮರಗಳು ಯಾವ ತಿಂಗಳಲ್ಲಿ ಏನು ಮಾಡುತ್ತವೆಂದು ವರ್ಷಗಟ್ಟಲೆ ನೋಡಿ ತಿಳಿಯದೆ ಇಂತಹ ಯೋಜನೆ ಸಿದ್ಧವಾಗುವುದಿಲ್ಲ. ಕ್ಯೂ ಉದ್ಯಾನದ ಗಾಜಿನ ಮನೆಯ ಟಿಪ್ಪಣಿಗಳು ಇಲ್ಲಿ ಉಪಯೋಗಕ್ಕೆ ಬರುವಂತಿರಲಿಲ್ಲ.

ಅಲಂಕಾರದ ಸಸ್ಯಗಳಿಗಷ್ಟೇ ಅವರ ಆಸಕ್ತಿ ಸೀಮಿತವಾಗಿರಲಿಲ್ಲ. ರೋಡ್ಸ್ ಹುಲ್ಲು, ರಷ್ಯಾದ ಸೂರ್ಯಕಾಂತಿ, ಸೋಯಾ ಅವರೆ, ಅಮೆರಿಕದ ಮೆಕ್ಕೆಜೋಳ ಮೊದಲಾದ ಆರ್ಥಿಕ ಮಹತ್ವದ ಸಸ್ಯಗಳನ್ನು ಅವರ ಕಾಲದಲ್ಲಿ ತರಿಸಿ ಪರೀಕ್ಷಿಸಲಾಯಿತು. 1912ರಲ್ಲಿ ಮೈಸೂರು ತೋಟಗಾರಿಕಾ ಸಂಘ ಸ್ಥಾಪನೆಯಾಗಲು ಅವರು ಕಾರಣಕರ್ತರಲ್ಲಿ ಒಬ್ಬರು. ಲಾಲ್‌ಬಾಗ್‌ನ ಗಾಜಿನ ಮನೆಯಲ್ಲಿ ನಡೆಯುವ ಫಲಪುಷ್ಪ ಪ್ರದರ್ಶನಗಳ ಪರಂಪರೆಯೊಂದಿಗೆ ಈ ಸಂಘದ ಹೆಸರು ಸೇರಿಕೊಂಡಿದೆ.

ಬೃಂದಾವನ ಉದ್ಯಾನ

ದಿವಾನ್ ಸರ್ ಮಿರ್ಜಾ ಇಸ್ಮಾಯಿಲ್ ಅವರ ಆಡಳಿತಾವಧಿಯಲ್ಲಿ ಕೃಷ್ಣರಾಜಸಾಗರ ಅಣೆಕಟ್ಟೆಯ ಕೆಳಗೆ ಉದ್ಯಾನ ನಿರ್ಮಿಸುವ ಕಾರ್ಯ 1927ರಲ್ಲಿ ಆರಂಭವಾಗಿ 1932ರಲ್ಲಿ ಪೂರ್ಣಗೊಂಡಿತು. ಅದರ ವಿನ್ಯಾಸದಲ್ಲಿ ಕೃಂಬಿಗಲ್ ಅವರು ಪ್ರಮುಖ ಪಾತ್ರ ವಹಿಸಿದರು. ಇಲ್ಲಿ ಅವರಿಗೆದುರಾದ ಸ್ಥಿತಿ ಬೆಂಗಳೂರಿನ ಬೀದಿಗಳಿಗೆ ತೀರ ಭಿನ್ನವಾದದ್ದು. ಕಟ್ಟೆಯ ಮಗ್ಗುಲಲ್ಲೇ ಇರುವ ಜಾಗಕ್ಕೆ ನೀರಿನ ಕೊರತೆಯಿಲ್ಲ. ಎತ್ತರದಿಂದ ಇಳಿಯುವ ನೀರು ಪಂಪಿನ ನೆರವಿಲ್ಲದೆಯೇ ಚಿಮ್ಮಬಲ್ಲದು. ಆದ್ದರಿಂದ ಕಾಶ್ಮೀರದ ಮೊಗಲ್ ಉದ್ಯಾನಗಳ ಮಾದರಿಯ ಮೆಟ್ಟಿಲು ಮೆಟ್ಟಿಲಾದ ಅಂಗಳಗಳು, ಕಾರಂಜಿಗಳು, ಹುಲ್ಲುಹಾಸು, ಕತ್ತರಿಸಿ ರೂಪ ಕೊಟ್ಟ ಗಿಡಗಳು ಮತ್ತು ಋತುವಿನ ಹೂಪಾತಿಗಳು ಇಲ್ಲಿ ಸಾಧ್ಯವಾದವು. ಇದೇ ವಿನ್ಯಾಸವನ್ನು ಮಳೆಯನ್ನೇ ನಂಬಿದ ನೆಲದಲ್ಲಿ ನಕಲು ಮಾಡಲು ಹೊರಟವರಿಗೆ ಹುಲ್ಲುಹಾಸು ಕಾಪಾಡುವುದೇ ಹೊರೆಯಾಗುತ್ತದೆ.

ಕೊನೆಯ ವರ್ಷಗಳು

1932ರಲ್ಲಿ ನಿವೃತ್ತರಾದ ಬಳಿಕವೂ ಕೃಂಬಿಗಲ್ ಅವರು ಸ್ವದೇಶಕ್ಕೆ ಹಿಂದಿರುಗದೆ ಬೆಂಗಳೂರಿನಲ್ಲಿಯೇ ನೆಲೆಸಿ, ಉದ್ಯಾನ ವಿನ್ಯಾಸದ ಬಗ್ಗೆ ಸಲಹೆ ನೀಡುತ್ತಿದ್ದರು. ಅವರ ಸ್ಥಾನಕ್ಕೆ ಬಂದ ಎಚ್.ಸಿ. ಜವರಾಯ ಅವರು ಆ ಹುದ್ದೆಯನ್ನು ಅಲಂಕರಿಸಿದ ಮೊದಲ ಭಾರತೀಯರು. ಯುದ್ಧದ ವರ್ಷಗಳಲ್ಲಿ ಜರ್ಮನ್ ಮೂಲದವರೆಂಬ ಕಾರಣಕ್ಕೆ ಕೃಂಬಿಗಲ್ ಅವರು ಬ್ರಿಟಿಷ್ ಆಡಳಿತದ ಸಂಶಯಕ್ಕೂ ನಿರ್ಬಂಧಕ್ಕೂ ಒಳಗಾಗಬೇಕಾಯಿತು. ಬದುಕಿನ ಬಹುಭಾಗವನ್ನು ಈ ನೆಲದ ಸೇವೆಯಲ್ಲಿ ಕಳೆದವರಿಗೆ ಇದು ನೋವಿನ ಅನುಭವವಾಗಿದ್ದಿರಬೇಕು.

ಕೃಂಬಿಗಲ್ ಅವರ ಕಾಲದ ಆಯ್ಕೆಗಳನ್ನು ಇಂದು ಕಣ್ಣುಮುಚ್ಚಿ ಅನುಸರಿಸುವಂತಿಲ್ಲ. ಗುಲ್‌ಮೊಹರ್‌ನ ಬೇರು ಮೇಲುಮೇಲೆ ಹರಡುತ್ತದೆ, ಮರ ಮೆದು. ಪೆಲ್ಟೋಫೋರಂ ಕೂಡ ಗಾಳಿಗೆ ಮುರಿಯುತ್ತದೆ. ಮುಂಗಾರಿಗೆ ಮೊದಲಿನ ಬಿರುಗಾಳಿಯಲ್ಲಿ ಬೆಂಗಳೂರಿನಲ್ಲಿ ಉರುಳುವ ಮರಗಳಲ್ಲಿ ಇವು ಹೆಚ್ಚು. ರಸ್ತೆ ಅಗೆದು ಬೇರು ಕತ್ತರಿಸಿ, ಬುಡದವರೆಗೆ ಕಾಂಕ್ರೀಟು ಹಾಕಿದ ಮೇಲೆ ಅಪಾಯ ಇನ್ನೂ ಹೆಚ್ಚಿದೆ. ಅವರು ಸಸಿಗಳನ್ನು ನೆಡಿಸಿದ್ದು ಜಟಕಾ ಗಾಡಿಗಳು ಓಡಾಡುತ್ತಿದ್ದ, ಬದಿಯಲ್ಲಿ ಮಣ್ಣಿದ್ದ ರಸ್ತೆಗಳಲ್ಲಿ. ಹೊರನಾಡಿನ ಮರ ಹೊಸ ಹವೆಗೆ ಬಹಳ ಚೆನ್ನಾಗಿ ಒಗ್ಗಿದರೂ ತೊಂದರೆಯೇ ಎಂಬುದು ಅವರ ಕಾಲದಲ್ಲಿ ಇಷ್ಟು ಸ್ಪಷ್ಟವಿರಲಿಲ್ಲ. ಅಲಂಕಾರಕ್ಕೆಂದು ಭಾರತಕ್ಕೆ ಬಂದ ಲಂಟಾನ ಕಾಡುಗಳನ್ನು ಆವರಿಸಿದೆ; ಹಳದಿ ಹೂವಿನ ಸೆನ್ನಾ ಸ್ಪೆಕ್ಟಾಬಿಲಿಸ್ ಇತ್ತೀಚಿನ ದಶಕಗಳಲ್ಲಿ ವಯನಾಡು, ಬಂಡೀಪುರ ಕಾಡುಗಳೊಳಗೆ ನುಗ್ಗಿ ಸ್ಥಳೀಯ ಸಸ್ಯಗಳನ್ನು ಹಿಂದಿಕ್ಕುತ್ತಿದೆ. ನಗರದ ರಸ್ತೆಗೆ ನಿರುಪದ್ರವಿಯಾದ ಮರ ಕಾಡಿನ ಅಂಚಿನ ಊರಿಗೆ ತಕ್ಕದ್ದಾಗಿರಬೇಕೆಂದಿಲ್ಲ. 1980ರ ದಶಕದಲ್ಲಿ ಅರಣ್ಯಾಧಿಕಾರಿ ಎಸ್.ಜಿ. ನೇಗಿನಹಾಳ ಅವರ ನೇತೃತ್ವದಲ್ಲಿ ಬೆಂಗಳೂರಿನಲ್ಲಿ ಸುಮಾರು 15 ಲಕ್ಷ ಸಸಿಗಳನ್ನು ನೆಟ್ಟಾಗ ಹೊಂಗೆಯಂತಹ ನಾಡಿನ ಮರಗಳಿಗೂ ಸ್ಥಾನ ದೊರೆಯಿತು.

ಕೃಂಬಿಗಲ್ ಅವರು ಜೀವಿಸಿರುವಾಗಲೇ, 1951ರಲ್ಲಿ, ಡಾ. ಎಂ.ಎಚ್. ಮರಿಗೌಡ ಅವರು ಲಾಲ್‌ಬಾಗ್‌ನ ಹೊಣೆ ವಹಿಸಿಕೊಂಡರು. ಮುಂದೆ 1963ರಲ್ಲಿ ತೋಟಗಾರಿಕೆಗೆ ಪ್ರತ್ಯೇಕ ಇಲಾಖೆ ರೂಪುಗೊಂಡಿತು. ಅದನ್ನು ನೋಡಲು ಕೃಂಬಿಗಲ್ ಅವರು ಇರಲಿಲ್ಲ. ಅವರು 1956ರ ಫೆಬ್ರವರಿ 8ರಂದು ತಮ್ಮ 90ನೆಯ ವಯಸ್ಸಿನಲ್ಲಿ ಬೆಂಗಳೂರಿನಲ್ಲಿ ನಿಧನರಾದರು. ಲಾಲ್‌ಬಾಗ್ ಆವರಣದಲ್ಲಿ ಅವರ ಹೆಸರನ್ನು ಹೊತ್ತಿದ್ದ ಹಳೆಯ ಉಪನ್ಯಾಸ ಮಂದಿರ 2017ರಲ್ಲಿ ಕುಸಿಯಿತು. ಉದ್ಯಾನದ ಸಮೀಪದ ರಸ್ತೆಗೆ ಕೃಂಬಿಗಲ್ ರಸ್ತೆ ಎಂಬ ಹೆಸರು ಉಳಿದಿದೆ. ಅವರ ಸಮಾಧಿ ಹೊಸೂರು ರಸ್ತೆಯ ಕ್ರೈಸ್ತ ಸ್ಮಶಾನದಲ್ಲಿದೆ.